ಸೋಮವಾರದ ವ್ರತ ಹಿಡಿದ ಟೈಪ್‌ರೈಟರು

ಕೊಳ್ಳೇಗಾಲದ ವಕೀಲ ರುದ್ರಸ್ವಾಮಿಯವರ ಆಫೀಸಿನ ಕನ್ನಡ ಟೈಪ್‌ರೈಟರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಅಕ್ಷರಗಳು ಒಂದರ ಪಕ್ಕ ಒಂದು ಮರ್ಯಾದೆಯಾಗಿ ಕೂರುತ್ತಿರುವಾಗಲೇ, ಕಾಗದ ಹೊತ್ತು ಸರಿಯುವ ಕ್ಯಾರೇಜು ಇದ್ದಕ್ಕಿದ್ದಂತೆ ಒಂದು ಹೆಜ್ಜೆ ಹೆಚ್ಚಿಗೆ ಹಾರಿಬಿಡುತ್ತಿತ್ತು. ಪದದ ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಕಿಂಡಿ. ಯಾವಾಗ ಹಾರುತ್ತದೆ, ಯಾಕೆ ಹಾರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾರಿದಾಗಲೆಲ್ಲ ಬೈಗುಳ ಮಾತ್ರ ದಾರಿ ತಪ್ಪದೆ ಮಹಾಲಕ್ಷ್ಮಮ್ಮನನ್ನು ಹುಡುಕಿಕೊಂಡು ಬರುತ್ತಿತ್ತು.

ಮಹಾಲಕ್ಷ್ಮಮ್ಮ ಅಲ್ಲಿನ ಟೈಪಿಸ್ಟು. ದಿನಾ ಯಳಂದೂರಿನಿಂದ ಬಸ್ಸಿನಲ್ಲಿ ಬಂದು ಹೋಗುವವಳು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ವರ್ಷಗಳು ಕಳೆದ ಮೇಲೆ, ಕೋರ್ಟಿನ ಕಾಗದಗಳೂ ನಿಧಾನವಾಗಿ ಕನ್ನಡದ ಕಡೆ ಹೊರಳಿದ್ದ ಕಾಲ ಅದು. ಕನ್ನಡ ಟೈಪಿಂಗ್ ಬಲ್ಲವರು ಸುತ್ತಮುತ್ತ ಅಪರೂಪ. "ಕುಟ್ಟೋಕೆ ಮನೇಲಿ ಒರಳಿಲ್ವಾ?" ಎಂದು ನಕ್ಕಿದ್ದ ನಾದಿನಿ ಕೆಂಪಾಜಮ್ಮನ ಕಣ್ಣೆದುರೇ ಮೈಸೂರಿಗೆ ಹೋಗಿ ಪರೀಕ್ಷೆ ಪಾಸು ಮಾಡಿಕೊಂಡು ಬಂದವಳು ಇವಳು. ತನ್ನ ಬೆರಳುಗಳ ಮೇಲೆ ಅವಳಿಗೆ ಸಣ್ಣ ಜಂಬವೂ ಇತ್ತು. ಇರಲಿ ಬಿಡಿ, ದುಡಿದು ಸಂಪಾದಿಸಿದ ಜಂಬ.

ಕಾಟ ಶುರುವಾದದ್ದು ಆಯುಧಪೂಜೆಯ ಹೊತ್ತಿನ ಸರ್ವೀಸಿನ ನಂತರ. ಮೈಸೂರಿನಿಂದ ಸೋಮವಾರ ಸೋಮವಾರ ಕೊಳ್ಳೇಗಾಲಕ್ಕೆ ಬರುತ್ತಿದ್ದ ಮೆಕ್ಯಾನಿಕ್ ಸಿದ್ದಮಲ್ಲಪ್ಪ ಅಂದು ಮಿಷನ್ನು ಬಿಚ್ಚಿ, ಎಣ್ಣೆ ಬಿಟ್ಟು, ಫಳಫಳ ಒರೆಸಿ, ಅಡಿಯಲ್ಲಿದ್ದ ಕೊಳಕು ಕಂಬಳಿ ತುಂಡನ್ನೂ ಕಿಟಕಿಯಾಚೆ ಎಸೆದು, "ಈಗ ನೋಡಿ ಸಾ, ಮದುಮಗನಂಗದೆ" ಎಂದು ಹೇಳಿ ಹೋಗಿದ್ದ. ಮದುಮಗ ಮರುದಿನದಿಂದಲೇ ಕುಣಿಯತೊಡಗಿದ.

ಮಹಾಲಕ್ಷ್ಮಮ್ಮ ರಿಬ್ಬನ್ ಬದಲಾಯಿಸಿದಳು. ದಪ್ಪ ಕಾಗದ ಹಾಕಿದಳು, ತೆಳು ಕಾಗದ ಹಾಕಿದಳು. ಮೆಲ್ಲಗೆ ಒತ್ತಿದಳು, ಕೋಪ ಬಂದಾಗ ಗುದ್ದಿದಳು. ಕೈಬಳೆ ತಗುಲುತ್ತದೆಯೋ ಎಂದು ಬಳೆಗಳನ್ನು ಮೇಲಕ್ಕೇರಿಸಿ ದಾರ ಕಟ್ಟಿಯೂ ನೋಡಿದಳು. ಕ್ಯಾರೇಜು ಹಾರಬೇಕೆನಿಸಿದಾಗ ಹಾರಿತು. ಆದರೆ ಸೋಮವಾರ ಸಿದ್ದಮಲ್ಲಪ್ಪ ಬಂದು ಕೂತರೆ ಮುಗಿಯಿತು, ಅದರಂಥ ಸಾಧು ಇನ್ನೊಂದಿಲ್ಲ. ಅವನು ಹೊಡೆದರೂ ಸರಿ, ಇವಳು ಹೊಡೆದರೂ ಸರಿ, ಒಂದು ಕಿಂಡಿ ಬೀಳದು.

"ಬೆಣ್ಣೆಯಂಗೆ ಓಡ್ತಾ ಅದೆ ಸಾ. ಮಿಷನ್ನಲ್ಲಿ ಏನೂ ಇಲ್ಲ" ಎಂದು ಅವನು ಪೆಟ್ಟಿಗೆ ಮುಚ್ಚುತ್ತಿದ್ದ.

ಪಕ್ಕದ ಮನೆಯ ಗಾಣದ ಚಿಕ್ಕಮಾದಪ್ಪನಿಗೆ ಮಾತ್ರ ಇದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಅವನು ಕಿಟಕಿಯಿಂದಲೇ ತೀರ್ಪು ಕೊಟ್ಟ: "ಸೋಮಾರ ಮಲೆ ಮಾದಪ್ಪನ ವಾರ ಕಣವ್ವ. ನಿನ್ ಮಿಷನ್ನು ಒಕ್ಕಲಾಗ್ಬುಟ್ಟದೆ. ವ್ರತ ಇಡ್ದದೆ."

ವಕೀಲರಿಗೆ ವ್ರತದಲ್ಲಿ ನಂಬಿಕೆ ಇರಲಿಲ್ಲ, ಸಾಕ್ಷಿಯಲ್ಲಿ ಇತ್ತು. ಪುಟ್ಟಸಿದ್ದಯ್ಯ ಎಂಬ ಅವರ ಕಕ್ಷಿಗಾರನ ಹೆಸರು ನಡುವೆ ಸೀಳಿಕೊಂಡು ಕೋರ್ಟಿಗೆ ಹೋದ ದಿನ, ಎದುರು ವಕೀಲರು "ಇವರಿಬ್ಬರಲ್ಲಿ ಹಾಜರಿರುವವರು ಯಾರು?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು. ರುದ್ರಸ್ವಾಮಿಯವರು ಆ ನಗುವನ್ನು ಹೊತ್ತುಕೊಂಡು ಆಫೀಸಿಗೆ ಬಂದರು.

"ನೋಡಮ್ಮ, ಮೆಕ್ಯಾನಿಕ್ ಮುಂದೆ ಎಚ್ಚರವಾಗಿ ಹೊಡೀತೀಯ, ಬೇರೆ ದಿನ ಅಸಡ್ಡೆ. ತಪ್ಪು ನಿನ್ನ ಬೆರಳಿಂದು. ಬರೋ ಸೋಮವಾರವೂ ಅವನು ಮಿಷನ್ ಸರಿಯಾಗಿದೆ ಅಂದ್ರೆ, ಮಂಗಳವಾರದಿಂದ ಟೈಪು ಕಲಿತ ಹನೂರಿನ ಹುಡುಗ ಒಬ್ಬ ನಿನ್ನ ಜಾಗಕ್ಕೆ ಬಂದು ಕೂತ್ಕೋತಾನೆ."

ಅಂದು ಬಸ್ಸಿನಲ್ಲಿ ಮಹಾಲಕ್ಷ್ಮಮ್ಮ ತನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದಳು. ಕೆಲಸ ಹೋಗುವುದು ಒಂದು ಸಂಕಟ. ಬೆರಳು ಸರಿಯಿಲ್ಲ ಅನ್ನಿಸಿಕೊಂಡು ಕೆಂಪಾಜಮ್ಮನ ಒರಳಿನ ಮುಂದೆ ಹೋಗಿ ಕೂರುವುದು ಅದಕ್ಕಿಂತ ದೊಡ್ಡ ಸಂಕಟ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಗುರುವಾರ ವಕೀಲರು ಕೋರ್ಟಿಗೆ ಹೋಗಿದ್ದರು. ಮಹಾಲಕ್ಷ್ಮಮ್ಮ ಒಂದು ಹಾಳೆ ಹೊಡೆದಳು, ಕಿಂಡಿ ಇಲ್ಲ. ಇನ್ನೊಂದು ಹೊಡೆದಳು, ಇಲ್ಲ. ಸೋಮವಾರವಲ್ಲ, ಮೆಕ್ಯಾನಿಕ್ಕೂ ಇಲ್ಲ, ಆದರೂ ಮಿಷನ್ನು ಸಾಧುವಾಗಿದೆ. ಖುಷಿಪಡುವುದೋ ಹೆದರುವುದೋ ತಿಳಿಯದೆ ಅವಳು ಕೈ ನಿಲ್ಲಿಸಿದಳು. ಆಗ ಅವಳಿಗೆ ಕೇಳಿಸಿದ್ದು ಏನೂ ಕೇಳಿಸುತ್ತಿಲ್ಲ ಎಂಬುದು. ದಿನವಿಡೀ ಗೋಡೆಯಾಚೆ ಕಿರ್ ಎನ್ನುತ್ತಿದ್ದ ಗಾಣ ಸುಮ್ಮನಿತ್ತು. ಚಿಕ್ಕಮಾದಪ್ಪ ಹೊನ್ನೂರಿಗೆ ನೆಂಟರ ಮನೆಯ ಮದುವೆಗೆ ಹೋಗಿದ್ದ.

ಮಧ್ಯಾಹ್ನ ಅವನು ಮದುವೆ ಊಟ ಮುಗಿಸಿ ಬಂದು ಎತ್ತು ಕಟ್ಟಿದ. ಗಾಣ ತಿರುಗಿತು. ಎತ್ತು ಎಳೆಯುವ, ಕಲ್ಲು ಹೇರಿದ ಹಲಗೆಯ ತುದಿ ಸುತ್ತು ಬಂದು, ಎರಡೂ ಮನೆಗೆ ಸೇರಿದ ಗೋಡೆಗೆ ಮೆತ್ತಗೆ ತಗುಲಿತು. ಆ ಗೋಡೆಗೆ ಒತ್ತಿ ನಿಂತಿದ್ದ ಮೇಜು ಅದುರಿತು. ಕ್ಯಾರೇಜು ಹಾರಿತು.

ಮಹಾಲಕ್ಷ್ಮಮ್ಮ ಕಿಟಕಿಗೆ ಓಡಿದಳು. "ಚಿಕ್ಕಮಾದಪ್ನೋರೇ, ಸೋಮಾರ ಗಾಣ ಆಡ್ಸಲ್ವಾ ನೀವು?"

"ಎಲ್ಲಾರ ಉಂಟಾ! ಸೋಮಾರ ಬಸವಣ್ಣನ ಎಗಲ ಮ್ಯಾಲೆ ನೊಗ ಇಕ್ತಾರಾ ಯಾರಾದ್ರೂವೆ?"

ಗುಟ್ಟು ಸಿಕ್ಕಿತು, ತೊಡಕು ಅಲ್ಲೇ ಶುರುವಾಯಿತು. ಶುಕ್ರವಾರ ಹೇಳಿದಾಗ ವಕೀಲರು ಹುಬ್ಬೇರಿಸಿದರು. "ಗಾಣ ಮೊದಲಿಂದಲೂ ಇತ್ತಲ್ಲಮ್ಮ? ಆಗ್ಯಾಕೆ ಹಾರ್ಲಿಲ್ಲ? ಮೆಕ್ಯಾನಿಕ್ ಕಣ್ಣಾರೆ ನೋಡಲಿ, ಆಮೇಲೆ ಒಪ್ತೀನಿ." ಮೆಕ್ಯಾನಿಕ್ ಬರುವುದು ಸೋಮವಾರ. ಎತ್ತು ಕಟ್ಟದಿರುವುದೂ ಸೋಮವಾರ.

ಸೋಮವಾರ ಸಿದ್ದಮಲ್ಲಪ್ಪ ಬಂದ, ಮಿಷನ್ನು ಬೆಣ್ಣೆಯ ಹಾಗೆ ಓಡಿತು. ವಕೀಲರು ಗಂಟಲು ಸರಿಪಡಿಸಿಕೊಳ್ಳುವುದರೊಳಗೆ ಮಹಾಲಕ್ಷ್ಮಮ್ಮ ಎದ್ದು ನಿಂತಳು.

"ಗಾಣ ತಿರುಗ್ಲಿ ಸಾರ್. ಆಮೇಲೆ ಹೇಳಿ."

ಚಿಕ್ಕಮಾದಪ್ಪ ಕಿಟಕಿಯಾಚೆ ಎರಡೂ ಕೈ ಮುಗಿದ. "ಎತ್ತು ಕಟ್ಟಾಕಿಲ್ಲ ಸ್ವಾಮಿ, ಕೊಂದ್ರೂ ಕಟ್ಟಾಕಿಲ್ಲ." ವಕೀಲರಿಗೂ ಒತ್ತಾಯಿಸುವ ಧೈರ್ಯವಿರಲಿಲ್ಲ. ಅವರ ತಂದೆಯೂ ಸೋಮವಾರ ಆರು ಕಟ್ಟಿ ಹೊಲ ಉತ್ತವರಲ್ಲ.

"ಎತ್ಗೆ ರಜಾ. ಗಾಣಕ್ಕೆ ರಜಾ ಅದಾ?" ಎಂದಳು ಮಹಾಲಕ್ಷ್ಮಮ್ಮ.

ಚಿಕ್ಕಮಾದಪ್ಪ ಯೋಚಿಸಿದ. "ಗಾಣಕ್ಕೇನಿಲ್ಲ. ಮನುಸ್ರು ತಳ್ಳಬೌದು. ನಂಗೆ ನಡ ಇಡ್ಕಂಡದೆ."

ಟೈಪು ಮಾಡಲು ಮಹಾಲಕ್ಷ್ಮಮ್ಮ ಬೇಕು. ನೋಡಲು ಮೆಕ್ಯಾನಿಕ್ ಬೇಕು. ಉಳಿದವರು ಒಬ್ಬರೇ. ಎಲ್ಲರೂ ಅವರನ್ನೇ ನೋಡಿದರು. ಸಾಕ್ಷಿ ಸಾಕ್ಷಿ ಎಂದು ಬಾಯಿಬಡಿದುಕೊಂಡವರು ಈಗ ಹಿಂದೆ ಸರಿಯುವುದು ಹೇಗೆ? ರುದ್ರಸ್ವಾಮಿಯವರು ಕರಿಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಪಂಚೆ ಎತ್ತಿ ಕಟ್ಟಿ, ಗಾಣದ ಮನೆಗೆ ನಡೆದರು.

"ಎಗಲು ನೊಂದಾತು, ಇದ ಇಕ್ಕಳಿ" ಎಂದು ಚಿಕ್ಕಮಾದಪ್ಪ ನೊಗಕ್ಕೆ ಕಟ್ಟಿದ್ದ ಕಂಬಳಿ ತುಂಡು ಬಿಚ್ಚಿ ಅವರ ಹೆಗಲಿಗೆ ಹಾಕಿದ. ವಕೀಲರು ತಳ್ಳಿದರು. ಮೇವು ಮೆಲ್ಲುತ್ತಿದ್ದ ಎತ್ತು ಬಾಯಾಡಿಸುವುದನ್ನು ನಿಲ್ಲಿಸಿ ನೋಡಿತು. ಗಾಣ ಕಿರ್ ಎಂದಿತು. ಹಲಗೆ ಗೋಡೆಗೆ ತಗುಲಿತು. ಕ್ಯಾರೇಜು ಹಾರಿತು.

"ಹಾರ್ತು ಸಾ!" ಸಿದ್ದಮಲ್ಲಪ್ಪ ಕೂಗಿಕೊಂಡು ಕಿಟಕಿಗೆ ಬಂದವನು, ವಕೀಲರ ಹೆಗಲು ನೋಡಿ ಹಾಗೇ ನಿಂತ. ಆ ಕಂಬಳಿಯಲ್ಲಿ ಟೈಪ್‌ರೈಟರಿನ ನಾಲ್ಕು ಕಾಲಿನ ಗುರುತು ದುಂಡಗೆ ಕೂತಿತ್ತು. ರಿಬ್ಬನ್ನಿನ ಮಸಿಯೂ ಇತ್ತು.

"ಅಯ್ಯೋ, ಇದು ನಾನೇ ಎಸ್ದಿದ್ದು" ಎಂದ ಅವನು, ತಲೆ ಕೆರೆದುಕೊಳ್ಳುತ್ತ. "ಒಳಗೆ ಹಲ್ಲು ಸವ್ದದೆ ಸಾ, ಅದುರಿದ್ರೆ ಜಾರ್ತದೆ. ಇಷ್ಟ್ ದಿನ ಈ ಕಂಬ್ಳಿ ಅದುರು ಕುಡ್ಕಂಡಿತ್ತು. ಕಸ ಅನ್ಕಂಡ್ಬುಟ್ಟೆ."

ಎತ್ತಿನ ಹೆಗಲಿಗೆ ಬದಲಿ ಏನು ಎಂದು ಚಿಕ್ಕಮಾದಪ್ಪ ಪಟ್ಟು ಹಿಡಿದ. ವಕೀಲರು ತಮ್ಮ ಹಳೆಯ ಗೌನು ಕೊಡುವುದೆಂದು ಒಪ್ಪಂದವಾಯಿತು. ಕಂಬಳಿ ಮರಳಿ ಟೈಪ್‌ರೈಟರಿನ ಕೆಳಗೆ ಸೇರಿತು. ಸರಿಹೋಯಿತೋ ಇಲ್ಲವೋ ತಿಳಿಯಲು ವಕೀಲರು ಮತ್ತೊಂದು ಸುತ್ತು ತಳ್ಳಬೇಕಾಯಿತು. ಹಲಗೆ ಗೋಡೆಗೆ ತಗುಲಿತು. ಕ್ಯಾರೇಜು ಅಲ್ಲಾಡಲಿಲ್ಲ.

"ಮುಗೀತಾ?" ಎಂದು ಕೇಳಿದರು ವಕೀಲರು, ಏದುಸಿರು ಬಿಡುತ್ತ.

ಮಹಾಲಕ್ಷ್ಮಮ್ಮನಿಗೆ ಎದೆ ಹಗುರವಾಗಿತ್ತು. ಆದರೂ ಒಂದು ಮಾತು ಬಾಕಿ ಇತ್ತು. "ತಪ್ಪು ನನ್ನ ಬೆರಳಿಂದಾ ಸಾರ್?"

"ಅಲ್ಲಮ್ಮ," ಎಂದರು ಅವರು, ಸಣ್ಣ ದನಿಯಲ್ಲಿ.

"ಸರ್ಯಾಗಿ ಕೇಳಿಸ್ನಿಲ್ಲ ಸಾರ್. ಇನ್ನೊಂದು ಸುತ್ತು ಬನ್ನಿ."

ವಕೀಲರು ಎತ್ತಿನ ಕಡೆ ನೋಡಿದರು. ಎತ್ತು ಮೇವಿನ ಕಡೆ ನೋಡಿತು. ಅವರು ಹೆಗಲು ಕೊಟ್ಟು ತಳ್ಳಿದರು, ಗಾಣ ಕಿರುಗುಟ್ಟಿತು, ಆ ಸದ್ದನ್ನು ಮೀರಿಸಿ ಬೀದಿಗೆಲ್ಲ ಕೇಳುವ ಹಾಗೆ, ಕೋರ್ಟಿನಲ್ಲಿ ವಾದಿಸುವ ಗಂಟಲಿನಲ್ಲೇ ಕೂಗಿದರು: "ಮಹಾಲಕ್ಷ್ಮಮ್ಮನ ಬೆರಳಲ್ಲಿ ಏನೂ ತಪ್ಪಿಲ್ಲ!"

ಅವರು ಕೂಗಿದ್ದನ್ನು ಅವಳು ಅಕ್ಷರ ಬಿಡದೆ ಟೈಪು ಮಾಡಿಕೊಂಡಳು. ಎಲ್ಲೂ ಕಿಂಡಿ ಬೀಳಲಿಲ್ಲ. ಸಂಜೆ ಆ ಹಾಳೆಯನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡು, ಕೆಂಪಾಜಮ್ಮನಿಗೆ ತೋರಿಸಲು, ಯಳಂದೂರಿನ ಬಸ್ಸು ಹತ್ತಿದಳು.