ಒಂದು ಕಪಾಟು, ಎರಡು ಬೀಗ

ನಮ್ಮ ಚರ್ಚಿನ ಕಪಾಟಿಗೆ ಎರಡು ಬೀಗ. ಇಂಥ ಬುದ್ಧಿ ಪಿಂಪ್ರಿಯ ಕನ್ನಡ ಕ್ರೈಸ್ತರಿಗೆ ಮಾತ್ರ ಬರಬೇಕು. ಒಳಗಿರುವುದು ಒಂದು ಬೆಳ್ಳಿಯ ಪಾತ್ರೆ, ರೊಟ್ಟಿಯ ತಟ್ಟೆ, ಒಂದು ದೊಡ್ಡ ಬೈಬಲ್, ಅಷ್ಟೇ. ನಮ್ಮ ಅಪ್ಪಂದಿರು ಇಲ್ಲಿಯ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದಾಗ ಗದಗಿನಿಂದ ಟ್ರಂಕಿನಲ್ಲಿಟ್ಟು ತಂದದ್ದು.

ಕೊರೊನಾ ಮುಗಿದ ಮೇಲೆ ಜಗಳ ಹತ್ತಿತು. ಕರ್ತನ ಭೋಜನದ ದ್ರಾಕ್ಷಾರಸವನ್ನು ಮೊದಲಿನಂತೆ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಬೇಕೋ, ತಲೆಗೊಂದು ಸಣ್ಣ ಲೋಟ ಕೊಡಬೇಕೋ? ಅರವತ್ತು ಮನೆಯ ಸಭೆ ಇಬ್ಭಾಗವಾಯಿತು. ಒಂದೇ ಪಾತ್ರೆಯವರಾದ ನಾವು ಬೆಳಿಗ್ಗೆ ಹತ್ತೂವರೆಗೆ ಸೇರುತ್ತೇವೆ, ಸಣ್ಣ ಲೋಟದವರು ಸಂಜೆ ನಾಲ್ಕಕ್ಕೆ. ಅವರಿಗೂ ಆಶೀರ್ವದಿಸಲು ಬೆಳ್ಳಿಯ ಪಾತ್ರೆಯೇ ಬೇಕಂತೆ, ಕುಡಿಯಲು ಮಾತ್ರ ಬೇಡವಂತೆ. ಒಬ್ಬರು ಹೊತ್ತೊಯ್ದಾರೆಂದು ಇನ್ನೊಬ್ಬರಿಗೆ ಭಯ. ಅದಕ್ಕೇ ಎರಡು ಬೀಗ. ನಮ್ಮ ಬೀಗದ ಕೀಲಿಕೈ ನನ್ನ ಹತ್ತಿರ, ಅವರದು ಭೀಮವ್ವನ ಹತ್ತಿರ. ಪ್ರತಿ ಭಾನುವಾರ ಎರಡು ಸಲ ನಾವಿಬ್ಬರೂ ಕಪಾಟಿನ ಮುಂದೆ ನಿಂತು, ಮುಖ ನೋಡದೆ, ನಮ್ಮ ನಮ್ಮ ಬೀಗ ತೆಗೆದು ಸರಿಯುತ್ತೇವೆ. ಮೂರು ವರ್ಷದಿಂದ ಇದೇ ಆಟ.

ಭೀಮವ್ವ ಮೊದಲು ನನ್ನ ಪಕ್ಕದ ಮನೆಯವಳು. ಇಪ್ಪತ್ತು ವರ್ಷ ಒಬ್ಬರ ಮನೆಯ ಸಾರು ಇನ್ನೊಬ್ಬರು ಉಂಡವರು. ಸಭೆ ಒಡೆದ ದಿನ ಅವಳು ಎಲ್ಲರ ಮುಂದೆ ಎದ್ದು ನಿಂತು, ನನ್ನತ್ತ ಕೈ ಮಾಡಿ ಹೇಳಿದಳು: "ಶಾಮಲಾನ ಗಂಡ ಟೀಬಿ ಆಗಿ ಸತ್ತಾನ. ಆ ಮನಿಯವರು ಬಾಯಿ ಹಚ್ಚಿದ ಪಾತ್ರಿಗೆ ನಾ ಬಾಯಿ ಹಚ್ಚಂಗಿಲ್ಲ." ಆ ಮಾತು ನನ್ನ ಎದೆಯಲ್ಲಿ ಇನ್ನೂ ಹಾಗೇ ಇದೆ.

ಈ ಈಸ್ಟರಿಗೆ ನನ್ನ ಮೊಮ್ಮಗಳು ರೇಣುವಿನ ಮೊದಲ ಭೋಜನ. ಬಿಳಿ ಸೀರೆ ಉಟ್ಟು, ಉಸಿರಾಡಿದರೆ ನೆರಿಗೆ ಬಿಚ್ಚುತ್ತದೆಂಬಂತೆ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಒಂಬತ್ತೂವರೆಯಾದರೂ ಭೀಮವ್ವನ ಪತ್ತೆಯಿಲ್ಲ, ಫೋನ್ ಬಂದ್.

"ಬೇಕಂತನ ಬಂದಿಲ್ರಿ ಆಕಿ," ಎಂದರು ನಮ್ಮ ಕಾರ್ಯದರ್ಶಿ ಕಾಶಪ್ಪನವರು. "ಬೀಗಾ ಒಡದಬಿಡೋಣು."

ಹೋದ ವರ್ಷ ಒಬ್ಬರು ಕಪಾಟಿನ ತಿರುಪಿಗೆ ಕೈ ಹಾಕಿದ್ದಕ್ಕೆ ಜಗಳ ಪೊಲೀಸ್ ಠಾಣೆಯವರೆಗೆ ಹೋಗಿತ್ತು. ಎರಡೂ ಕಡೆಯವರ ಕೂಗಾಟ ಕೇಳಿ ಹವಾಲ್ದಾರ, ನೀವು ಯಾವ ಧರ್ಮದವರು ಎಂದು ನಿಜವಾಗಿಯೂ ತಿಳಿಯದೆ ಕೇಳಿದ್ದ. ಆ ನಾಚಿಕೆ ಒಮ್ಮೆ ಸಾಕು. "ಸುಮ್ನ ಕೂಡ್ರಿ, ನಾ ಹೋಗಿ ತರ್ತೀನಿ," ಎಂದು ರಿಕ್ಷಾ ಹತ್ತಿದೆ. ಅವಳು ಈಗಿರುವ ಕಾಸಾರವಾಡಿ ಮುಟ್ಟುವವರೆಗೂ ಅವಳಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಬಾಗಿಲು ತೆರೆದವಳನ್ನು ನೋಡಿ ಜೋಡಿಸಿದ್ದೆಲ್ಲ ಮರೆತುಹೋಯಿತು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಲ್ಲೇ ನಿಲ್ಲು, ಒಳಗ ಬರಬ್ಯಾಡ," ಎಂದಳು. ಪೇಪರಿನಲ್ಲಿ ಸುತ್ತಿದ ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು. "ಸಬಕಾರ ಹಚ್ಚಿ ತೊಳಕೊ. ಮುಂಜಾನಿಂದ ಮೆಟ್ಟಲಾ ಇಳೀಲಿಕ್ಕೆ ನೋಡೀನಿ, ಕಾಲು ನಿಲ್ಲವಲ್ವು. ಲಗೂ ಹೋಗು, ರೇಣುಂದು ಮೊದಲನೇ ಭೋಜನ ಅಲ್ಲ ಇವತ್ತು?"

ಅದನ್ನು ಇವಳು ನೆನಪಿಡಬೇಕೆ? ಒರಟಾಗಿ ಒಂದು ಮಾತಾಡಿದ್ದರೆ ಕೀಲಿಕೈ ಎತ್ತಿಕೊಂಡು ನಿಶ್ಚಿಂತೆಯಿಂದ ಹೋಗುತ್ತಿದ್ದೆ. ಆದರೆ ಹಿಂದಿನ ಗೋಡೆಯ ಮಾಡದಲ್ಲಿದ್ದ ಗುಳಿಗೆಗಳು ಕಣ್ಣಿಗೆ ಬಿದ್ದವು. ಅವು ಯಾವುವೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಪಟ್ಟಿಯ ಮೇಲೊಂದು ಪಟ್ಟಿ, ಒಂದೂ ಒಡೆದಿಲ್ಲ.

"ಗುಳಿಗಿ ಬಿಟ್ಟೀಯೇನ?"

"ವಾಂತಿ ಬರ್ತದ. ಹನ್ನೆರಡು ದಿನಾ ಆತು."

"ಮಗಾ ಎಲ್ಲಿ?"

"ಕೂಸಿಗೆ ಹತ್ತೀತು ಅಂತ ನಾನ ಅವರನ್ನ ಸೊಸಿ ತವರಿಗೆ ಕಳಿಸೀನಿ."

"ನಿಮ್ಮ ಸಭಾದವರು?"

"ಅವರಿಗೆ ಹೇಳಿಲ್ಲ." ಸೆರಗನ್ನು ಇನ್ನಷ್ಟು ಬಿಗಿಯಾಗಿ ಬಾಯಿಗೆ ಹಿಡಿದಳು. "ಯಾವ ಬಾಯಲೆ ಹೇಳ್ಲಿ, ಶಾಮಲಾ? ಅವತ್ತ ನಾ ಆಡಿದ ಮಾತು ಎಲ್ಲಾರೂ ಕೇಳ್ಯಾರ."

ನಮ್ಮ ಮನೆಯವರೂ ಹೀಗೇ ವಾಂತಿಯೆಂದು ನಡುವೆ ಗುಳಿಗೆ ಬಿಟ್ಟು, ನನಗೆ ಹೇಳದೆ, ಆರು ತಿಂಗಳಲ್ಲಿ ಮಣ್ಣಾದರು. ಅವರ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟೆಲ್ಲ ಆಗ ಇವಳ ಮೇಲೆ ಬಂತು. ಕಾಶಪ್ಪನವರಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಸ್ಕೂಟರಿನ ಮೇಲೆ ಬಂದು ಕೆಳಗೆ ನಿಂತರು. ಗ್ಯಾಲರಿಯಿಂದ ಎರಡೂ ಕೀಲಿಕೈಗಳನ್ನು ಎಸೆದೆ.

"ಸಂಜಿಗೆ ಅವರಿಗೂ ನೀವ ತಗದು ಕೊಡ್ರಿ. ಬ್ಯಾರೆ ಏನರ ಆಟಾ ಆಡಿದ್ರ ನೋಡ್ರಿ ಮತ್ತ."

"ಮತ್ತ ನೀವು? ರೇಣು ದಾರಿ ನೋಡಾಕತ್ತಾಳಲ್ರಿ."

"ನಡೀರಿ, ಹೊತ್ತಾತು," ಎಂದೆ. ಈ ದಿನಕ್ಕಾಗಿ ಆ ಹುಡುಗಿಗೆ ವರ್ಷವಿಡೀ ಬೈಬಲ್ಲಿನ ವಚನ ಬಾಯಿಪಾಠ ಮಾಡಿಸಿದವಳು ನಾನು.

ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದೆ. ಗಂಜಿ ಮಾಡಿದೆ, ಬಯ್ಯುತ್ತ ಉಣಿಸಿದೆ. ಹಾಸಿಗೆ ಝಾಡಿಸುವಾಗಲೂ ಬಯ್ದೆ. ಅವಳನ್ನು ನಾನು ಕ್ಷಮಿಸಿರಲಿಲ್ಲ, ಸುಳ್ಳೇಕೆ ಹೇಳಲಿ? ಕ್ಷಮೆ ಬರುವವರೆಗೆ ಕಾಯುತ್ತ ಕೂತರೆ ಇವಳು ಉಳಿಯುವುದಿಲ್ಲ ಎಂಬುದಷ್ಟೇ ತಿಳಿದಿತ್ತು.

ಕೊನೆಗೆ ಚಹಾ ಮಾಡಿದೆ. ಭೀಮವ್ವ ತನಗೆಂದು ಕೆಂಪು ದಾರ ಕಟ್ಟಿದ ಲೋಟವೊಂದನ್ನು ಬೇರೆಯೇ ಇಟ್ಟುಕೊಂಡಿದ್ದಳು. ಅದರಲ್ಲೇ ಹಾಕಿಕೊಟ್ಟೆ. ಅರ್ಧ ಕುಡಿದು, "ಸಾಕು, ಚೆಲ್ಲಿಬಿಡು," ಎಂದಳು.

ಈ ರೋಗ ಹರಡುವುದು ಕೆಮ್ಮಿನಿಂದ, ಲೋಟದಿಂದಲ್ಲ ಎಂದು ನಮ್ಮ ಮನೆಯವರ ಡಾಕ್ಟರು ಹತ್ತು ಸಲ ಹೇಳಿದ್ದರು. ಅದನ್ನೇ ನಾನು ಅಂದಿನ ಸಭೆಯಲ್ಲಿ ಕೂಗಿ ಹೇಳಿದ್ದೆ. ಯಾರೂ ಕೇಳಿರಲಿಲ್ಲ.

ಲೋಟ ಎತ್ತಿಕೊಂಡು ಉಳಿದದ್ದನ್ನು ನಾನು ಕುಡಿದೆ.

ಭೀಮವ್ವ ನನ್ನನ್ನೇ ನೋಡಿದಳು, ಆಮೇಲೆ ಗೋಡೆಯ ಕಡೆ ತಿರುಗಿ ಅತ್ತಳು. ಅಷ್ಟು ಹೊತ್ತಿಗೆ ಪಿಂಪ್ರಿಯಲ್ಲಿ ರೇಣು ಬೆಳ್ಳಿಯ ಪಾತ್ರೆಗೆ ಬಾಯಿ ಹಚ್ಚಿರಬೇಕು.

"ಅಳೂದು ಆಮ್ಯಾಲೆ," ಎಂದೆ. "ನಾಳೆ ಎಂಟಕ್ಕ ದವಾಖಾನಿಗೆ ಹೋಗೂದದ. ಡಾಕ್ಟರು ಮತ್ತ ಗುಳಿಗಿ ಚಾಲೂ ಮಾಡಿದ ಮ್ಯಾಲೆ ನಾ ದಿನಾ ಬರ್ತೀನಿ. ನೀ ನುಂಗೂತನಕ ಎದುರಿಗೇ ಕೂಡ್ತೀನಿ."

"ದಿನಾ ಬೈತೀಯೇನ?"

"ದಿನಾ."

"ಬಾ ಮತ್ತ," ಎಂದಳು ಭೀಮವ್ವ.