ಬಸಿಲಿಯೊ ಕೆತ್ತಿದ ಮೂಗು

ಡೀಸೆಲ್, ಕಿತ್ತಳೆ ಸಿಪ್ಪೆ, ಯಾರದೋ ಒದ್ದೆ ಉಣ್ಣೆಯ ಕೋಟು. ಈ ಮೂರು ಸೇರಿದ ವಾಸನೆಯೇ ನನ್ನ ಪಾಲಿಗೆ ಪ್ರಯಾಣ. ಆರು ವರ್ಷದವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಸಂತೆಯ ಬಸ್ಸಿನಲ್ಲಿ ಹೋಗುವಾಗ ಮೂಗಿಗೆ ಹತ್ತಿದ್ದು ಇನ್ನೂ ಬಿಟ್ಟಿಲ್ಲ. ಈಗಿನ ಬಸ್ಸುಗಳಲ್ಲಿ ವೆನಿಲ್ಲಾ ಪರಿಮಳದ ಕಾಗದದ ಮರವೊಂದು ನೇತಾಡುತ್ತದೆ. ಅದರಿಂದ ತಲೆನೋವು ಬರುತ್ತದೆ, ಅಷ್ಟೆ.

ಕಳೆದ ಅಕ್ಟೋಬರಿನಲ್ಲಿ ನಮ್ಮೂರು ವಾಲ್ದೆಪೆನ್ಯಾಸ್‌ನಿಂದ ನಾವು ಐವತ್ತೆರಡು ನಿವೃತ್ತರು ಅಂಥ ಬಸ್ಸೊಂದನ್ನು ಹತ್ತಿದೆವು. ಎರಡು ದಿನ, ಮೂರು ಐತಿಹಾಸಿಕ ನಗರಗಳು, ಊಟ ಪುಕ್ಕಟೆ, ಹೊರಡುವಾಗ ಪ್ರತಿಯೊಬ್ಬರಿಗೂ ಉಪ್ಪು ಹಾಕಿ ಒಣಗಿಸಿದ ಒಂದು ಹಂದಿ ತೊಡೆ ಉಡುಗೊರೆ. ಇಷ್ಟೆಲ್ಲ ಕೊಡುವವರು ಹಾಸಿಗೆ ಮಾರುವ ಕಂಪನಿಯವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮದುವೆಮನೆಯಲ್ಲಿ ವರನ ಬೋಳುತಲೆಯ ಬಗ್ಗೆ ಯಾರು ಮಾತಾಡುತ್ತಾರೆ?

ಆವಿಲಾದಲ್ಲಿ ಹನ್ನೊಂದು ನಿಮಿಷ ನಿಂತೆವು. ಮಾರ್ಗದರ್ಶಿ ನೂರಿಯಾ ಮೈಕಿನಲ್ಲಿ, "ಬಲಕ್ಕೆ ಕೋಟೆಗೋಡೆ, ಎಡಕ್ಕೆ ಶೌಚಾಲಯ" ಎಂದಳು. ಬಹುಮತ ಎಡಕ್ಕೆ ಹೋಯಿತು. ಸೆಗೋವಿಯಾದಲ್ಲಿ ಗಾರೆಯಿಲ್ಲದೆ ಎರಡು ಸಾವಿರ ವರ್ಷ ನಿಂತಿರುವ ರೋಮನರ ಎತ್ತರದ ಕಲ್ಲುಕಮಾನಿನ ನೀರುಗಾಲುವೆಗೆ ನಮ್ಮವರು ಬೆನ್ನು ತಿರುಗಿಸಿ ಹಲ್ಲು ಕಿರಿದು, ಫೋಟೊದಲ್ಲಿ ಅದು ತಮ್ಮ ಹಿಂದೆ ಪೂರ್ತಿ ಬರಲಿಲ್ಲವೆಂದು ಗೊಣಗಿದರು.

ನನ್ನ ಪಕ್ಕದಲ್ಲಿ ಕೂತವಳು ಕಾಸಿಲ್ದಾ. ಎಪ್ಪತ್ತೊಂಬತ್ತು ವರ್ಷ, ನಮ್ಮ ಬೀದಿಯವಳು, ಅವಳ ಮೂವರು ಮಕ್ಕಳಿಗೂ ಶಾಲೆಯಲ್ಲಿ ಪಾಠ ಹೇಳಿದವಳು ನಾನೇ. ಅವಳಿಗೆ ಹಾಸಿಗೆಯೂ ಬೇಡ, ಹಂದಿ ತೊಡೆಯೂ ಬೇಡ. ಅವಳು ಬಂದದ್ದು ಸಾಲಮಾಂಕಾದ ಒಂದು ಬಾಗಿಲು ನೋಡಲು.

ಅವಳ ಗಂಡ ಬಸಿಲಿಯೊ ಕಲ್ಲುಕುಟಿಗ. ಅರವತ್ತೆಂಟನೇ ಇಸವಿಯಲ್ಲಿ ಆ ಊರಿನ ಸನ್ಯಾಸಿನಿಯರ ಮಠವೊಂದರ ಬಾಗಿಲಿನ ಕಲ್ಲುಕೆತ್ತನೆಯ ದುರಸ್ತಿಗೆ ಹೋಗಿ ಎಂಟು ತಿಂಗಳು ಕಳೆದು ಬಂದವನು, "ಅಲ್ಲೊಬ್ಬ ದೇವದೂತನಿಗೆ ನಿನ್ನ ಮೂಗೇ ಇಟ್ಟಿದ್ದೀನಿ" ಎಂದಿದ್ದನಂತೆ.

"ನಂಬೋದು ಹೆಂಗೆ ಟೀಚರ್?" ಎಂದಳು. "ಅವನು ಬಾಯಿ ಬಿಟ್ರೆ ಸುಳ್ಳು. ಹೋಗಿ ನೋಡೋಣ ಅಂದಾಗಲೆಲ್ಲ ಏನೋ ನೆಪ. ಸತ್ತು ಆರು ವರ್ಷ ಆಯ್ತು. ಒಂದಾದ್ರೂ ನಿಜ ಹೇಳಿದ್ನಾ ಅಂತ ತಿಳ್ಕೊಂಡೇ ನಾನು ಸಾಯ್ಬೇಕು."

ಅವಳ ಮೂಗಿನ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಎಂಟು ವರ್ಷದವಳಿದ್ದಾಗ ಕತ್ತೆಯ ಮೇಲಿಂದ ಬಿದ್ದು ಮುರಿದದ್ದು. ನಡುವೆ ಒಂದು ಗುಬುಟು, ತುದಿ ಎಡಕ್ಕೆ.

ಸಾಲಮಾಂಕಾದಲ್ಲಿ ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಅದಷ್ಟೂ ಕಪ್ಪೆಗೆ ಹೋಯಿತು. ವಿಶ್ವವಿದ್ಯಾಲಯದ ಮುಂಗೋಡೆಯ ಕೆತ್ತನೆಗಳ ನಡುವೆ ಒಂದು ಸಣ್ಣ ಕಲ್ಲುಕಪ್ಪೆಯಿದೆ, ಹುಡುಕಿದವರಿಗೆ ಅದೃಷ್ಟ. ಐವತ್ತು ಮಂದಿ ಕತ್ತೆತ್ತಿ ನಿಂತು, ರಾಜನನ್ನೂ ರಾಣಿಯನ್ನೂ ಪಂಡಿತರನ್ನೂ ಅಡ್ಡ ಬಂದವರೆಂದು ಬದಿಗೆ ಸರಿಸಿ, ಕಪ್ಪೆ ಕಂಡೊಡನೆ ಕೇಕೆ ಹಾಕಿ ಬಸ್ಸಿಗೆ ಮರಳಿದರು.

ಆಮೇಲೆ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆಯ ಪ್ರದರ್ಶನ, ಎರಡು ಗಂಟೆಯ ಕಾಲ. ಪೂರ್ತಿ ಕೂತವರಿಗೆ ಮಾತ್ರ ಕೊನೆಯಲ್ಲಿ ಊಟದ ಚೀಟಿ. ಮಾರಾಟಗಾರ ಎಲಾದಿಯೊ, ಐವತ್ತರ ಆಸುಪಾಸಿನವನು, ಕೊರಳಲ್ಲಿ ಬಿಗಿದ ಟೈ.

"ಇದರ ಮೇಲೆ ಒಂದು ವಾರ ಮಲಗಿ, ನಿಮ್ಮ ಬೆನ್ನಿಗೆ ಹದಿನೆಂಟರ ಹರೆಯ!" ಎಂದ.

"ಹದಿನೆಂಟರಲ್ಲಿ ನಾನು ಹುಲ್ಲಿನ ಮೇಲೆ ಮಲಗ್ತಿದ್ದೆ ಕಣಪ್ಪ, ಅದನ್ನ ಮಾರ್ತೀಯಾ?" ಎಂದು ಕಾಸಿಲ್ದಾ ಎದ್ದೇ ಬಿಟ್ಟಳು.

"ಎಲ್ಲಿಗೆ ಅಮ್ಮ?"

"ನನ್ನ ಮೂಗು ನೋಡೋಕೆ." ಸಭೆಯೆಲ್ಲ ನಕ್ಕಿತು. ಅವಳು ಸಂಕೋಚವಿಲ್ಲದೆ ಕಥೆಯನ್ನು ಪೂರ್ತಿ ಹೇಳಿದಳು. ನಗು ಇನ್ನೂ ಜೋರಾಯಿತು.

ಎಲಾದಿಯೊ ಮಾತ್ರ ನಗಲಿಲ್ಲ. ಮೈಕು ಕೆಳಗಿಳಿಸಿ, "ಹೋದ್ರೆ ಊಟ ಇಲ್ಲ ಅಮ್ಮ. ನಿಯಮ ನನ್ನದಲ್ಲ" ಎಂದ.

"ಎಂಬತ್ತು ವರ್ಷ ಉಂಡಿದ್ದೀನಿ. ಇವತ್ತೊಂದಿನ ಬಿಟ್ರೆ ಏನೂ ಆಗಲ್ಲ."

ಅವಳ ಮೊಣಕಾಲು ನೋವು ನನಗೆ ಗೊತ್ತು. ನಾನೂ ಎದ್ದೆ.

ಕೇಳಿಕೊಂಡು, ತಪ್ಪಿಕೊಂಡು, ಏರು ಹತ್ತಿ ಮಠ ಸೇರಿದಾಗ ಎರಡೂವರೆ. ಬಾಗಿಲು ಮುಚ್ಚಿತ್ತು, ಆ ಹೊತ್ತಿನಲ್ಲಿ ದೇವರೂ ನಿದ್ದೆ ಮಾಡುತ್ತಾನೆ. ಪುಣ್ಯಕ್ಕೆ ಕೆತ್ತನೆಯಿದ್ದದ್ದು ಹೊರಗೆ, ಬಾಗಿಲಿನ ಕಮಾನಿನ ಮೇಲೆ. ನಡುವೆ ಸೈತಾನನನ್ನು ಮೆಟ್ಟಿ ನಿಂತ ಸಂತ ಮಿಗೆಲ್, ಸುತ್ತ ಎಂಟು ದೇವದೂತರು.

ಕಾಸಿಲ್ದಾ ಒಂದೊಂದೇ ಮೂಗು ನೋಡುತ್ತಾ ಹೋದಳು. ಎಂಟೂ ನೆಟ್ಟಗಿದ್ದವು, ನಮ್ಮೂರಿನ ಔಷಧಿ ಅಂಗಡಿಯವನ ಹೆಂಡತಿಯ ಮೂಗಿನಂತೆ.

"ಸುಳ್ಳುಗಾರ" ಎಂದಳು. ಬೈಗುಳದಂತೆ ಕೇಳಿಸಲಿಲ್ಲ. ಎದುರಿನ ಮೆಟ್ಟಿಲ ಮೇಲೆ ಕೂತು ಕರವಸ್ತ್ರ ಹುಡುಕತೊಡಗಿದಳು.

ನಾನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡುತ್ತಾ ಬಂದೆ. ಆಗ ಕಂಡಿತು.

"ಕಾಸಿಲ್ದಾ, ಸಂತನ ಕಾಲ ಕೆಳಗೆ ನೋಡು."

ಸೈತಾನ ಮಲಗಿದ್ದ. ಮೂಗಿನ ನಡುವೆ ಒಂದು ಗುಬುಟು, ತುದಿ ಎಡಕ್ಕೆ. ತುಳಿಸಿಕೊಂಡಿದ್ದರೂ ಬಾಯಿತುಂಬ ನಗು. ಇಡೀ ಬಾಗಿಲಿನಲ್ಲಿ ನಗುತ್ತಿದ್ದವನು ಅವನೊಬ್ಬನೇ.

ಕಾಸಿಲ್ದಾ ಬಹಳ ಹೊತ್ತು ನೋಡಿದಳು. ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ, ನಗು.

"ಹಾಳಾದೋನು! ಅದಕ್ಕೇ ಕರ್ಕೊಂಡು ಬರ್ಲಿಲ್ಲ! ನೋಡು ಟೀಚರ್, ಹಲ್ಲಿನ ಸಂದೂ ಬಿಟ್ಟಿಲ್ಲ!" ಎಂದು ತನ್ನ ಮುಂದಿನ ಹಲ್ಲುಗಳನ್ನು ತೋರಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಎಂಟು ತಿಂಗಳು ಹತ್ತಿರ ಇರ್ಲಿಲ್ಲ. ಆದ್ರೂ ಎಲ್ಲ ನೆನಪಿಟ್ಕೊಂಡಿದ್ದ" ಎಂದಳು.

ನಾಲ್ಕು ಗಂಟೆಗೆ ಬಸ್ಸಿನ ಬಳಿ ಬಂದಾಗ ನಮ್ಮವರು ಹಲ್ಲುಕಡ್ಡಿ ಆಡಿಸುತ್ತಾ ಹೋಟೆಲಿನಿಂದ ಹೊರಬರುತ್ತಿದ್ದರು. ಹದಿನಾಲ್ಕು ಹಾಸಿಗೆ ಮಾರಾಟವಾಗಿತ್ತಂತೆ. ಕುರಿಮಾಂಸ ಸ್ವಲ್ಪ ಗಟ್ಟಿಯಾಗಿತ್ತಂತೆ. "ಮೂಗು ಸಿಕ್ತಾ ಕಾಸಿಲ್ದಾ? ನಮಗೆ ಕಪ್ಪೆ ಸಿಕ್ತು!" ಎಂದು ಒಬ್ಬರು ಕೂಗಿದರು. ಅವಳು ಬೆಳಗ್ಗೆಯಿಂದ ಒಂದು ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲದೆ ಬಸ್ಸಿನ ಕಂಬಿ ಹಿಡಿದು ನಿಂತಿದ್ದಳು.

ಎಲಾದಿಯೊ ಅಡುಗೆಮನೆಯ ಬಾಗಿಲಿನಿಂದ ಬಂದ. ಟೈ ಬಿಚ್ಚಿತ್ತು.

"ದೇವದೂತ ಸಿಕ್ಕಿದ್ನಾ ಅಮ್ಮ?" ಎಂದು ಮೆಲ್ಲಗೆ ಕೇಳಿದ.

"ಇಲ್ಲಪ್ಪ. ಸೈತಾನ ಸಿಕ್ಕಿದ. ಅವನೇ ವಾಸಿ."

ಎಲಾದಿಯೊ ನಕ್ಕ. ಅತ್ತಿತ್ತ ನೋಡಿ, ಕೋಟಿನ ಮರೆಯಿಂದ ಇನ್ನೂ ಬಿಸಿಯಿದ್ದ ಊಟದ ಡಬ್ಬಿಯೊಂದನ್ನು ತೆಗೆದ. ಮುಚ್ಚಳದ ಮೇಲೆ ಅಡುಗೆಯವರು ಅವನದೇ ಹೆಸರು ಬರೆದಿದ್ದರು. ಮೇಲೆ ಎರಡು ಫೋರ್ಕುಗಳಿದ್ದವು. ಅದನ್ನು ಕಾಸಿಲ್ದಾಳ ಕೈಗಿಟ್ಟ.