ಸೋಡಾ ನೀರು

ಒಗ್ಗರಣೆ ಹೊಗೆಗೆ ಜಿಡ್ಡುಗಟ್ಟಿದ ಗೋಡೆಯನ್ನು ಸೋಡಾ ನೀರಿನಲ್ಲಿ ತಿಕ್ಕಿ ತೊಳೆದು, ಪಾಲಿಶ್ ಪೇಪರಿನಿಂದ ಉಜ್ಜಿ, ಪ್ರೈಮರ್ ಬಳಿಯುವವರೆಗೆ ಪೇಂಟರ್ ಕಾಡಪ್ಪ ಬಣ್ಣದ ಡಬ್ಬಿ ಮುಟ್ಟಿದವನಲ್ಲ. ಇಚಲಕರಂಜಿಯಲ್ಲಿ ಅವನ ಹೆಸರು ನಿಂತಿದ್ದೇ ಅದರ ಮೇಲೆ. ಹಾಗಾಗಿ ಪಕ್ಕದೂರು ಕೊರೋಚಿಯ ತಮ್ಮ ಸ್ವಂತ ಮನೆಗೂ ಬಣ್ಣ ಹಚ್ಚುತ್ತೇನೆಂದು ಅವನು ಹೇಳಿದಾಗ ಹೆಂಡತಿ ಚೆನ್ನವ್ವ ಹಿಗ್ಗಿಹೋದಳು. ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಿ ಸುತ್ತಿ ಅವಳು ಎಬ್ಬಿಸಿದ ಮನೆ ಅದು. ಕಾಗದದ ಮೇಲೆ ಹೆಸರು ಮಾತ್ರ ಅವನದು.

ಸೋಡಾ ನೀರು ಕಾಸಿಕೊಂಡು ಅವಳು ಅಡುಗೆಮನೆಗೆ ಬಂದಾಗ, ಅವನು ಜಿಡ್ಡಿನ ಮೇಲೆಯೇ ಹಳದಿ ಬಳಿಯುತ್ತಿದ್ದ.

"ಇದೇನ್ರಿ, ತೊಳೀಲಾರದ ಹಚ್ಚಾಕತ್ತೀರಿ? ವರ್ಷದಾಗ ಸಿಪ್ಪಿ ಏಳತೈತಿ."

"ಏಳಲಿ ಬಿಡು." ಅವನು ತಿರುಗಲಿಲ್ಲ.

"ಮಂದಿ ಗ್ವಾಡಿಗೆ ಹಿಂಗ ಮಾಡ್ತೀರೇನು?"

ಬ್ರಶ್ ನಿಂತಿತು. "ಇದೂ ಮಂದೀದ ಆಗೇತಿ. ಗಡಹಿಂಗ್ಲಜದವ್ರಿಗೆ ಮಾರಾಕ ಮಾತು ಕೊಟ್ಟೇನಿ. ನಾಳೆ ನೋಡಾಕ ಬರ್ತಾರ. ನೀ ಒಪ್ಪಂಗಿಲ್ಲಂತ ನಾ ನಿನಗ ಹೇಳಲಿಲ್ಲ."

ಚೆನ್ನವ್ವ ಅಳಲಿಲ್ಲ. ಬಕೆಟ್ಟಿನ ಸೋಡಾ ನೀರನ್ನು ಹಸಿ ಹಳದಿಯ ಮೇಲೆ ಎರಚಿದಳು. ಬಣ್ಣ ಇಳಿದುಹೋಗಿ ಕಪ್ಪು ಜಿಡ್ಡು ಮತ್ತೆ ಮುಖ ತೋರಿಸಿತು.

"ಬರಲಿ," ಅಂದಳು. "ಗ್ವಾಡೀನೂ ನೋಡಲಿ, ನಿಮ್ಮನ್ನೂ ನೋಡಲಿ."